ಪೈಲಟ್‌ಗೆ ಐದು ಸ್ಟಾರ್, ಲಗೇಜ್‌ನವರಿಗೆ ಒಂದೂವರೆ

ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಲ್ಲಿ ವಿಮಾನ ಹತ್ತಿದ್ದೆ. 2018ರಲ್ಲಿ ಆ ನಿಲ್ದಾಣ ಶುರುವಾದ ಮೇಲೆ ಬೆಂಗಳೂರಿಗೆ ಇದೇ ನನ್ನ ದಾರಿ. ಬ್ಯಾಗಿನಲ್ಲಿ ಮಗಳಿಗೆ ಒಂದು ಬಾಟಲಿ ಕಾಚಂಪುಳಿ, ಅಡುಗೆಗೆ ಹಾಕುವ ನಮ್ಮ ಕೊಡಗಿನ ಕಪ್ಪು ಹುಳಿರಸ.

ನನ್ನ ಸೀಟು ರೆಕ್ಕೆಯ ಹಿಂದೆ. ಇಳಿಯುವ ಮೊದಲು ಫ್ಲಾಪ್ (ರೆಕ್ಕೆಯ ಹಿಂಬದಿಯಿಂದ ಚಾಚಿಕೊಳ್ಳುವ ಪಟ್ಟಿ) ಹೊರಬರುವಾಗ ಒಂದು ಗುಂಯ್ ಸದ್ದು ಬರುತ್ತೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಯಂತ್ರದ ತರಹ. ಅವತ್ತು ಶುರುವಾಗಿ ಗಕ್ಕನೆ ನಿಂತಿತು. ವಿಮಾನ ಮತ್ತೆ ಮೇಲೇರಿತು.

ಐದು ನಿಮಿಷದಲ್ಲಿ ಪೈಲಟ್ ಮಾತಾಡಿದರು. ಫ್ಲಾಪ್ ಪೂರ್ತಿ ಬಿಚ್ಚುತ್ತಿಲ್ಲ, ಚೆಕ್‌ಲಿಸ್ಟ್ ನೋಡುತ್ತಿದ್ದೇವೆ, ಸ್ವಲ್ಪ ಸುತ್ತುತ್ತೇವೆ ಅಂದರು. ಫ್ಲಾಪ್ ಇದ್ದರೆ ಕಡಿಮೆ ವೇಗದಲ್ಲೂ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುತ್ತೆ. ಇಲ್ಲದಿದ್ದರೆ ಜಾಸ್ತಿ ವೇಗದಲ್ಲೇ ಇಳಿಯಬೇಕು, ಓಡಲು ಜಾಗವೂ ಜಾಸ್ತಿ ಬೇಕು. ಬೆಂಗಳೂರಿನ ರನ್‌ವೇ 4,000 ಮೀಟರ್ ಇದೆ, ಚಿಂತೆ ಬೇಡ ಅಂದರು. ಸುಮ್ನೆ 'ತಾಂತ್ರಿಕ ಕಾರಣ' ಅನ್ನಲಿಲ್ಲ, ಅದೇ ನನಗೆ ಇಷ್ಟವಾಗಿದ್ದು. ಪಕ್ಕದ ಅಜ್ಜಿಯ ಕೈ ಹಿಡಿದು ಗಗನಸಖಿ ಒಂದು ನಿಮಿಷ ಕೂತೇ ಇದ್ದರು.

ನೆಲ ಸರ್ರನೆ ಹಿಂದೆ ಓಡಿತು. ಆಚೆ ಅಗ್ನಿಶಾಮಕ ವಾಹನಗಳು ಸಾಲಾಗಿ ನಿಂತಿದ್ದವು. ಅಷ್ಟೇ, ನಿಂತಿತು.

ಬ್ಯಾಗ್ ಬರಲು ಒಂದೂವರೆ ಗಂಟೆ. ಕೇಳಿದರೆ ಉತ್ತರ ಕೊಡುವವರೇ ಇಲ್ಲ. ಬಾಟಲಿ ಒಡೆದು ನನ್ನ ಬಿಳಿ ಅಂಗಿಯೆಲ್ಲ ಕಪ್ಪು!