ನಾಲ್ಕು ಚಳಿಗಾಲ, ಒಂದು .223: ಕಯೋಟಿ ಬೇಟೆಯ ನನ್ನ ಮೊದಲ ರೈಫಲ್

ಕ್ಯಾಲಿಬರ್, ಅಂದರೆ ತೋಟೆಯ ಅಳತೆ, ಆರಿಸಲು ನನಗೆ ಮೂರು ತಿಂಗಳು ಹಿಡಿಯಿತು. ಬ್ಯಾರಲ್‌ಗೆ, ಅಂದರೆ ನಳಿಗೆಗೆ, ಐದು ನಿಮಿಷವೂ ಕೊಡಲಿಲ್ಲ, ಅಂಗಡಿಯಲ್ಲಿ ಇದ್ದದ್ದನ್ನು ಎತ್ತಿಕೊಂಡು ಬಂದೆ. ನಾಲ್ಕು ಚಳಿಗಾಲ ಬಳಸಿದ ಮೇಲೆ ಹೇಳುತ್ತೇನೆ, ಆ ಮೂರು ತಿಂಗಳು ಬ್ಯಾರಲ್‌ಗೆ ಸಲ್ಲಬೇಕಿತ್ತು.

ನಾವಿರುವುದು ಟೆಕ್ಸಸ್‌ನ ಲಬಕ್ ಊರಿನ ಆಚೆ. ಹತ್ತು ಎಕರೆ ಜಾಗ, ಸುತ್ತ ಹತ್ತಿ ಹೊಲ, ನಡುನಡುವೆ ಮೆಸ್ಕೀಟ್ ಪೊದೆ. ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ ಅದು, ಮುಳ್ಳು ಕೂಡ ಹಾಗೇ ಚುಚ್ಚುತ್ತದೆ. ಹದಿನಾಲ್ಕು ಆಡು ಸಾಕಿದ್ದೇವೆ. 2021ರ ಫೆಬ್ರವರಿಯ ಆ ಕೆಟ್ಟ ಚಳಿಯಲ್ಲಿ ಒಂದೇ ವಾರಕ್ಕೆ ಮೂರು ಮರಿ ಹೋದವು. ಕಯೋಟಿ ಎಂದರೆ ನಮ್ಮ ಗುಳ್ಳೆನರಿಯ ದಾಯಾದಿ, ತೂಕ ಹನ್ನೆರಡು ಹದಿನೈದು ಕೆ.ಜಿ. ಇರಬಹುದು, ಆದರೆ ಬೇಲಿಯ ಕೆಳಗೆ ಒಂದು ಗೇಣು ಸಂದು ಸಿಕ್ಕರೂ ನುಗ್ಗುತ್ತದೆ. ಮೊದಲು ಬೇಲಿ ಸರಿ ಮಾಡಿಸಿದೆ. ಆಮೇಲೆ ಕಾವಲಿಗೆ ಗ್ರೇಟ್ ಪಿರನೀಸ್ ನಾಯಿ ತಂದೆ. ರೈಫಲ್ ಬಂದದ್ದು ಅದೂ ಆದ ಮೇಲೆ, ಆ ವರ್ಷದ ಅಕ್ಟೋಬರ್‌ನಲ್ಲಿ.

ಇಲ್ಲಿ ಕಯೋಟಿಗೆ ಬೇಟೆ ನಿಷೇಧದ ತಿಂಗಳು ಅಂತ ಯಾವುದೂ ಇಲ್ಲ. ಆದರೂ ಬೇಟೆ ಲೈಸೆನ್ಸ್ ಮಾಡಿಸಿಯೇ ಹೊರಡಿ. ಹೆಚ್ 1ಬಿ ವೀಸಾದಲ್ಲಿ ಇರುವವರಿಗೆ ಇನ್ನೊಂದು ಮಾತು. ಆ ವೀಸಾದವರು ಸಾಮಾನ್ಯವಾಗಿ ಬಂದೂಕು ಕೊಳ್ಳುವಂತಿಲ್ಲ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ಕಾನೂನಿನಲ್ಲಿ ವಿನಾಯಿತಿ ಇದೆ. ನಾನು ಗ್ರೀನ್ ಕಾರ್ಡ್ ಬರುವ ತನಕ ಕಾದೆ.

ನನ್ನ ಲೆಕ್ಕದಲ್ಲಿ ರೈಫಲ್‌ಗೆ 550 ಡಾಲರ್, ಗುರಿ ನೋಡುವ ದುರ್ಬೀನು ಸ್ಕೋಪ್‌ಗೆ 300. ಕ್ಯಾಲಿಬರ್‌ಗಳಲ್ಲಿ ಮನಸ್ಸು ಓಡಾಡಿದ್ದು ಮೂರರ ಮೇಲೆ. .243 ವಿಂಚೆಸ್ಟರ್ ಜಿಂಕೆಗೂ ಆಗುತ್ತದೆ, ಮನೆಗೆ ಒಂದೇ ರೈಫಲ್ ಸಾಕು ಅನ್ನುವವರಿಗೆ ಅದೇ ಸರಿ. ನನಗೆ ಜಿಂಕೆ ಬೇಟೆಯ ಆಸೆ ಇಲ್ಲ, ಭುಜಕ್ಕೆ ಅದರ ಒದೆತವೂ ಬೇಡವಾಗಿತ್ತು. .22-250 ಹೆಸರೇ ಕಯೋಟಿ ಬೇಟೆಗೆ ಅಂಟಿಕೊಂಡಿದೆ. 55 ಗ್ರೇನ್ (ಸುಮಾರು ಮೂರೂವರೆ ಗ್ರಾಂ) ಗುಂಡು ಸೆಕೆಂಡಿಗೆ 3,680 ಅಡಿ ವೇಗದಲ್ಲಿ ಹೋಗುತ್ತದೆ, ಅದೇ ತೂಕಕ್ಕೆ .223ದು 3,240. ಆದರೆ ಆ ವೇಗಕ್ಕೆ ಮದ್ದು ಜಾಸ್ತಿ ಬೇಕು, ಬ್ಯಾರಲ್ ಬೇಗ ಕಾಯುತ್ತದೆ, ಒಳಗೆ ಬೇಗ ಸವೆಯುತ್ತದೆ. 2021ರಲ್ಲಿ ತೋಟೆ ಸಿಗುವುದೇ ಕಷ್ಟ. .22-250 ಇಡುವ ಕಪಾಟು ವಾರಗಟ್ಟಲೆ ಖಾಲಿ, .223 ದುಬಾರಿಯಾದರೂ ಸಿಗುತ್ತಿತ್ತು. ಅದನ್ನೇ ತಗೊಂಡೆ.

ಈ ಆಯ್ಕೆಯ ಬಗ್ಗೆ ಒಂದು ದಿನವೂ ಬೇಸರ ಆಗಿಲ್ಲ. ಉಳಿದ ಎರಡಕ್ಕಿಂತ ಇದರ ತೋಟೆ ಅಗ್ಗ, ಅಗ್ಗ ಅಂದರೆ ಅಭ್ಯಾಸ ಜಾಸ್ತಿ, ಅಷ್ಟೇ ವಿಷಯ. ಇಲ್ಲಿಯ ತನಕ ಸುಮಾರು 1,400 ಹೊಡೆದಿದ್ದೇನೆ, ಬಹುಪಾಲು ಕಾಗದದ ಮೇಲೆ. ಪ್ರಾಣಿ ನರಳಬಾರದು, ಒಂದೇ ಗುಂಡಿಗೆ ಮುಗಿಯಬೇಕು ಎಂದಿದ್ದರೆ ಆ ಕಾಗದದ ಲೆಕ್ಕ ತುಂಬಾ ಮುಖ್ಯ. ನನಗೆ ಸಿಗುವ ಹೊಡೆತ ಹೆಚ್ಚಾಗಿ 150 ಗಜದ ಒಳಗೆ, ಅಷ್ಟಕ್ಕೆ 55 ಗ್ರೇನ್‌ನ ವಿ-ಮ್ಯಾಕ್ಸ್ ಎಂಬ ಗುಂಡು ಧಾರಾಳ. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. 5.56 (ಇದು ಸೇನೆಯ ತೋಟೆ) ಎಂದು ಬರೆದ ಬ್ಯಾರಲ್‌ನಲ್ಲಿ .223 ಹೊಡೆಯಬಹುದು. .223 ಎಂದು ಬರೆದದ್ದರಲ್ಲಿ 5.56 ತೋಟೆ ಹಾಕಬೇಡಿ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ, ಒತ್ತಡ ಒಂದೇ ಅಲ್ಲ.

ಈಗ ಬ್ಯಾರಲ್ ವಿಷಯ. ಅಂಗಡಿಯವರು ಕೊಟ್ಟದ್ದು 26 ಇಂಚಿನ ದಪ್ಪ ಬ್ಯಾರಲ್. ಉದ್ದ ಇದ್ದಷ್ಟೂ ಗುರಿ ಚೆನ್ನಾಗಿರುತ್ತದೆ ಎಂದರು, ನಾನೂ ನಂಬಿದೆ. ಅದು ನಿಜವಲ್ಲ. ಉದ್ದದಿಂದ ಸಿಗುವುದು ವೇಗ. ಗುರಿಗೆ ಬೇಕಾದ ಬಿಗಿ ಗಿಡ್ಡ ಬ್ಯಾರಲ್‌ನಲ್ಲೇ ಜಾಸ್ತಿ. ದಪ್ಪ ಬ್ಯಾರಲ್ ಇರುವುದು ಸತತವಾಗಿ ಇಪ್ಪತ್ತು ಮೂವತ್ತು ಗುಂಡು ಹೊಡೆಯುವವರಿಗೆ, ಬಿಸಿಯಾದರೂ ಗುರಿ ಸರಿಯದಿರಲಿ ಅಂತ. ಕಯೋಟಿಗೆ ಒಂದು ಬೆಳಿಗ್ಗೆ ಒಂದೋ ಎರಡೋ ಗುಂಡು, ಎಷ್ಟೋ ದಿನ ಅದೂ ಇಲ್ಲ.

ಸ್ಕೋಪ್, ಬೈಪಾಡ್ ಎಂಬ ಎರಡು ಕಾಲಿನ ಆಸರೆ ಎಲ್ಲ ಸೇರಿ ರೈಫಲ್ ಐದು ಕೆ.ಜಿ. ಹತ್ತಿರ. ಒಂದು ಬೆಳಿಗ್ಗೆ ನಾಲ್ಕು ಕಡೆ ಕೂರುತ್ತೇನೆ, ಒಂದೊಂದಕ್ಕೂ ಅರ್ಧ ಮೈಲಿ ನಡಿಗೆ, ಉತ್ತ ಹತ್ತಿ ಹೊಲದಲ್ಲಿ. ಮುಂದೆ ಭಾರ ಇರುವುದರಿಂದ ಹೆಗಲ ಪಟ್ಟಿಯಲ್ಲಿ ನಿಲ್ಲುವುದೇ ಇಲ್ಲ, ಜೋತು ಬೀಳುತ್ತದೆ. ಪಿಕಪ್‌ನ ಸೀಟಿನ ಹಿಂದೆ ಅಡ್ಡ ಇಟ್ಟರೆ ಬಾಗಿಲು ತಾಗುತ್ತದೆ. ಎರಡನೇ ಚಳಿಗಾಲದ ಜನವರಿಯಲ್ಲಿ ಒಂದು ಕಯೋಟಿ ನಾನು ನೋಡುತ್ತಿದ್ದ ಕಡೆ ಬಿಟ್ಟು ಬಲಗಡೆಯಿಂದ ಬಂತು, ನಲವತ್ತು ಗಜ ಇರಬಹುದು. ನಿಧಾನವಾಗಿ ತಿರುಗಿಸಿದೆ, ಬ್ಯಾರಲ್ ತುದಿ ಮೆಸ್ಕೀಟ್ ಕೊಂಬೆಗೆ ಟಕ್ ಅಂತ ಬಡಿಯಿತು. ಅದು ಓಡಿದ ದಿಕ್ಕು ಕೂಡ ಸರಿಯಾಗಿ ಕಾಣಲಿಲ್ಲ. ಎರಡು ವಾರ ಬಿಟ್ಟು ಇನ್ನೊಂದು ಮರಿ ಹೋಯಿತು. ಅದೇ ಕಯೋಟಿಯೋ ಬೇರೆಯೋ, ನನಗೆ ಆ ಟಕ್ ಶಬ್ದ ಈಗಲೂ ಕೇಳಿಸುತ್ತದೆ.

ಮಾರಿಬಿಡೋಣ ಎಂದಿದ್ದೆ. ಪಕ್ಕದ ಹತ್ತಿ ಹೊಲದ ಅಜ್ಜ ಒಬ್ಬರು, "ಮಾರುವುದು ಯಾಕೆ, ಕತ್ತರಿಸು" ಎಂದರು. ಬಂದೂಕು ರಿಪೇರಿಯವರ ಹತ್ತಿರ 26 ಇಂಚನ್ನು 20ಕ್ಕೆ ಇಳಿಸಿದೆ. ಬಾಯಿ ನಯ ಮಾಡಿ, ತುದಿಗೆ ಥ್ರೆಡ್ (ಸ್ಕ್ರೂನಲ್ಲಿರುವಂಥ ಸುತ್ತುಗೆರೆ) ಹಾಕಿ 180 ಡಾಲರ್ ತಗೊಂಡರು. ಮೊದಲೇ ಸರ್ಕಾರದ ಅನುಮತಿ ಪಡೆಯದೆ ರೈಫಲ್ ಬ್ಯಾರಲ್ 16 ಇಂಚಿಗಿಂತ ಗಿಡ್ಡ ಮಾಡುವಂತಿಲ್ಲ, 20 ಅದಕ್ಕೆ ಸಾಕಷ್ಟು ಮೇಲೆ. ಕತ್ತರಿಸುವ ಮುಂಚೆ, ಆಮೇಲೆ, ಎರಡು ಸಲವೂ ವೇಗ ಅಳೆದೆ. ಇಂಚಿಗೆ 25 ಅಡಿಯಂತೆ ಒಟ್ಟು 150 ಅಡಿ ಕಮ್ಮಿಯಾಗಿತ್ತು. 200 ಗಜಕ್ಕೆ ಗುರಿ ಕೂರಿಸಿಕೊಂಡರೆ 300 ಗಜದಲ್ಲಿ ಒಂದು ಇಂಚಿನಷ್ಟು ಹೆಚ್ಚು ಕೆಳಗೆ ಬೀಳುತ್ತದೆ, ಅಷ್ಟೇ. ಅದಕ್ಕೆ ಬದಲಾಗಿ ತೂಕ 400 ಗ್ರಾಂ ಇಳಿಯಿತು, ಅದೂ ತುದಿಯಿಂದ. ಅದೇ ರೈಫಲ್ ಅಂತ ಅನ್ನಿಸಲೇ ಇಲ್ಲ.

ಥ್ರೆಡ್ ಹಾಕಿಸಿದ್ದು ಸದ್ದು ತಗ್ಗಿಸುವ ಕೊಳವೆ ಸಪ್ರೆಸರ್‌ಗೆ. ಆಗ ಅದಕ್ಕೆ 200 ಡಾಲರ್ ತೆರಿಗೆ ಬೇರೆ ಕಟ್ಟಿದೆ, ಅನುಮತಿಗೂ ಕಾದೆ. ನಾಯಿಯ ಕಿವಿಗೂ ನನ್ನ ಕಿವಿಗೂ ಅದು ಬೇಕಿತ್ತು. ಸಪ್ರೆಸರ್ ಆರೇಳು ಇಂಚು ಇರುತ್ತದೆ. 26ರ ತುದಿಗೆ ಅದನ್ನು ಸಿಕ್ಕಿಸಿಕೊಂಡು ಪೊದೆಯಲ್ಲಿ ಕೂರಲು ಆಗುತ್ತದೆಯೇ? ಮೊದಲ ರೈಫಲ್ ಕೊಳ್ಳುವವರು ಇದನ್ನು ಮೊದಲೇ ಯೋಚಿಸಿ. ತುದಿಗೆ ಥ್ರೆಡ್ ಇರುವ, 18ರಿಂದ 22 ಇಂಚಿನ, ತೆಳು ಅಥವಾ ಮಧ್ಯಮ ಬ್ಯಾರಲ್ ನೋಡಿ. ಟ್ವಿಸ್ಟ್ ಕೂಡ ಕೇಳಿ, ಅಂದರೆ ನಳಿಗೆಯೊಳಗಿನ ಸುರುಳಿ ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ತಿರುಗುತ್ತದೆ ಎನ್ನುವುದು. ಹಳೇ ರೈಫಲ್‌ಗಳಲ್ಲಿ 12 ಇಂಚಿಗೆ ಒಂದು ಸುತ್ತು ಇರುತ್ತದೆ, ಅದರಲ್ಲಿ 55 ಗ್ರೇನ್ ದಾಟಿದರೆ ಕಷ್ಟ. ನನ್ನದು 9ಕ್ಕೆ ಒಂದು, 69 ಗ್ರೇನ್ ತನಕ ಚೆನ್ನಾಗಿ ಹೋಗುತ್ತದೆ. ಈಗ ಕೊಳ್ಳುವುದಾದರೆ 8ನ್ನು ತಗೊಳ್ಳುತ್ತಿದ್ದೆ. ಲಬಕ್ ಗಾಳಿಯ ಊರು. ಗಂಟೆಗೆ 10 ಮೈಲಿಯ ಅಡ್ಡಗಾಳಿಯೇ 55 ಗ್ರೇನ್ ಗುಂಡನ್ನು 200 ಗಜದಲ್ಲಿ ನಾಲ್ಕು ಇಂಚು ತಳ್ಳುತ್ತದೆ, ಭಾರದ ಗುಂಡು ಅಷ್ಟು ಅಲ್ಲಾಡುವುದಿಲ್ಲ.

ಈಗಿನ ಬೆಳಗುಗಳು ನನಗೆ ತುಂಬಾ ಇಷ್ಟ. ನಾಲ್ಕೂವರೆಗೆ ಎದ್ದು ರಾತ್ರಿ ಇಳಿಸಿಟ್ಟ ಡಿಕಾಕ್ಷನ್‌ಗೆ ಬಿಸಿ ಹಾಲು ಸೇರಿಸಿ ಫ್ಲಾಸ್ಕ್ ತುಂಬುತ್ತೇನೆ. ಕೊಡಗಿನ ಕಾಫಿ ಪುಡಿ, ಅಮ್ಮ ಕಳಿಸಿದ್ದು. ಪಿಕಪ್ ದೂರ ನಿಲ್ಲಿಸಿ, ಬಾಗಿಲು ಸದ್ದಾಗದ ಹಾಗೆ ಒತ್ತಿ ಮುಚ್ಚುತ್ತೇನೆ. ಮೊಲ ಕಿರುಚುವ ಸದ್ದು ಮಾಡುವ ಪೆಟ್ಟಿಗೆಯನ್ನು ಗಾಳಿ ಬರುವ ಕಡೆಗೆ ಐವತ್ತು ಹೆಜ್ಜೆ ಮುಂದೆ ಇಟ್ಟು, ಪೊದೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಸ್ಕೋಪ್ ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವ ಕಡೆಯೇ ಇರುತ್ತದೆ. ಕಯೋಟಿ ನೇರ ಬರುವುದು ಅಪರೂಪ, ವಾಸನೆ ಹಿಡಿಯಲು ಸುತ್ತು ಹಾಕಿ ಗಾಳಿ ಬೀಸಿ ಹೋಗುವ ಕಡೆಯಿಂದ ಬರುತ್ತದೆ. ಇಪ್ಪತ್ತು ನಿಮಿಷ ನೋಡಿ ಎದ್ದುಬಿಡುತ್ತೇನೆ. ಕಾಫಿ ಆಮೇಲೆ.

ಮನೆಗೆ ಬಂದು ನಳಿಗೆ ಒರೆಸುವುದು ಹಳೇ ಪಂಚೆಯ ಚೂರಿನಲ್ಲಿ. ನನ್ನ ಅಜ್ಜ ಮಡಿಕೇರಿ ಹತ್ತಿರದ ತೋಟದಲ್ಲಿ ಜೋಡುನಳಿಗೆ ಕೋವಿಯನ್ನು ಹಾಗೇ ಒರೆಸುತ್ತಿದ್ದರು. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅದರ ಬಾಯಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ಆ ಹೂವು ಇಲ್ಲಿ ನನಗೆ ಸಿಕ್ಕಿಲ್ಲ. ಸೆಪ್ಟೆಂಬರ್‌ನಲ್ಲಿ ಹಿತ್ತಲಿನ ದಾಸವಾಳ ಇಡುತ್ತೇನೆ.

ಉಳಿದಿರುವ ತಕರಾರು ಪ್ಲಾಸ್ಟಿಕ್ ಸ್ಟಾಕ್‌ದು, ಅಂದರೆ ಬ್ಯಾರಲ್ ಕೂರುವ, ಹೆಗಲಿಗೆ ಒತ್ತಿ ಹಿಡಿಯುವ ಭಾಗದ್ದು. ಬೈಪಾಡ್ ಮೇಲೆ ಭಾರ ಬಿಟ್ಟರೆ ಮುಂಭಾಗ ಬಾಗಿ ಬ್ಯಾರಲ್‌ಗೆ ತಾಗುತ್ತದೆ, ಗುಂಡು 100 ಗಜದಲ್ಲಿ ಒಂದು ಇಂಚು ಎಡಕ್ಕೆ ಹೋಗುತ್ತದೆ. ಸದ್ಯಕ್ಕೆ ಬೈಪಾಡ್ ಬಿಚ್ಚಿ, ಎರಡು ಕೋಲು ಕಟ್ಟಿದ ಆಸರೆ ಬಳಸುತ್ತಿದ್ದೇನೆ. ಫೆಬ್ರವರಿಯಲ್ಲಿ ಆಡುಗಳು ಮರಿ ಹಾಕುತ್ತವೆ. ಅಷ್ಟರೊಳಗೆ ಸ್ಟಾಕ್ ಬದಲಾಯಿಸಿ ಗುರಿ ಮತ್ತೆ ಕೂರಿಸಬೇಕು.