ಅಗಸೆ ಲೋಳೆಯ ಜೆಲ್: ಎರಡು ವರ್ಷ ಸೋಸಿದ ಮೇಲೆ

ಗುಂಗುರು ಕೂದಲು ಕೆದರದಂತೆ ಹಿಡಿಯೋದಕ್ಕೆ ಅಗಸೆ ಬೀಜ (ಫ್ಲ್ಯಾಕ್ಸ್ ಸೀಡ್) ಕುದಿಸಿ, ಅದರ ಲೋಳೆ ಸೋಸಿ ಮನೆಯಲ್ಲೇ ಮಾಡುವ ಜೆಲ್ ಹೇಗೆ ಅಂತ ಯಾರಾದರೂ ಕೇಳಿದರೆ ನನ್ನ ಮರುಪ್ರಶ್ನೆ ಒಂದೇ: ಸೋಸೋದಕ್ಕೆ ಏನು ಇಟ್ಟುಕೊಂಡಿದ್ದೀರಿ? ಕೂದಲು ಎಷ್ಟು ದಪ್ಪ, ಎಷ್ಟು ಸುರುಳಿ ಅನ್ನೋದೆಲ್ಲ ಆಮೇಲಿನ ಮಾತು.

ವಿಡಿಯೋಗಳಲ್ಲಿ ಲೋಳೆ ಜರಡಿಯಿಂದ ಜೇನಿನ ಹಾಗೆ ಇಳಿಯುತ್ತೆ. ನಮ್ಮ ಟೀ ಜರಡಿಗೆ ಸುರಿದರೆ ಬೀಜವೂ ಮೇಲೇ, ಲೋಳೆಯೂ ಮೇಲೇ, ಕೆಳಗಿನ ಬಟ್ಟಲಲ್ಲಿ ಎರಡು ಚಮಚ. ಸೌಟಿನಿಂದ ಒತ್ತಿದರೆ ಜರಡಿಯ ಕಣ್ಣು ಕಟ್ಟಿಕೊಳ್ಳುತ್ತೆ. ಹಳೇ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡಿದರೆ ಅರ್ಧ ಲೋಳೆಯನ್ನು ಬಟ್ಟೆಯೇ ಕುಡಿಯುತ್ತೆ, ಉಳಿದರ್ಧ ಬೆರಳ ಸಂದಿಯಿಂದ ಜಾರಿ ಕಟ್ಟೆ ಮೇಲೆ. ಅಷ್ಟರಲ್ಲಿ ಆರಿ ಹೋಗಿರುತ್ತೆ. ಆರಿದ ಮೇಲೆ ಬೀಜದಿಂದ ಲೋಳೆ ಬಿಡಿಸೋದು ಮಗುವಿನ ಕೂದಲಿಗೆ ಅಂಟಿದ ಬಬಲ್‌ಗಮ್ ಬಿಡಿಸಿದ ಹಾಗೆ.

ಲೋಳೆ ಇರೋದು ಬೀಜದ ಹೊರಸಿಪ್ಪೆಯಲ್ಲಿ. ನೀರು ಕುಡಿದು ಅದು ಉಬ್ಬಿ ಪ್ರತಿ ಕಾಳಿನ ಸುತ್ತ ಒಂದು ಗೂಡು ಕಟ್ಟುತ್ತೆ. ಬಿಸಿ ಇರುವಾಗ ಆ ಗೂಡು ತೆಳ್ಳಗೆ ಹರಿಯುತ್ತೆ, ಉಗುರು ಬೆಚ್ಚಗಾದರೆ ಎಳೆಎಳೆಯಾಗಿ ಕಾಳನ್ನೇ ಹಿಡಿದುಕೊಳ್ಳುತ್ತೆ. ಹಾಗಾಗಿ ಸೋಸೋದು ಒಲೆ ಆರಿಸಿದ ಮೊದಲ ಎರಡು-ಮೂರು ನಿಮಿಷದಲ್ಲೇ ಮುಗಿಯಬೇಕು, ಕೈ ಸುಡುವ ಹೊತ್ತಲ್ಲಿ.

ಈಗಿನ ಉಪಾಯ: ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಚರ್ಮದ ಬಣ್ಣದ ತೆಳು ನೈಲಾನ್ ಸಾಕ್ಸ್. ಹೊಸದನ್ನು ಒಮ್ಮೆ ಬಿಸಿನೀರಲ್ಲಿ ಒಗೆದು, ಕುದಿಸುವುದಕ್ಕೆ ಮೊದಲೇ ಬೀಜವನ್ನು ಅದರೊಳಗೆ ಹಾಕಿ ಗಂಟು ಕಟ್ಟಬೇಕು. ಗಂಟು ಕಾಳಿಗೆ ಹತ್ತಿರ ಬೇಡ, ಬೀಜದ ಮೂರರಷ್ಟು ಜಾಗ ಒಳಗೆ ಖಾಲಿ ಇರಲಿ. ಉಬ್ಬಿದ ಕಾಳು ಇಕ್ಕಟ್ಟಾದರೆ ಲೋಳೆ ಹೊರಗೆ ಬರಲ್ಲ. ಕುದಿದಾದ ಮೇಲೆ ಇಕ್ಕಳದಲ್ಲಿ ಎತ್ತಿ, ಪಾತ್ರೆಯ ಅಂಚಿಗೆ ಸೌಟಿನಿಂದ ಅದುಮಿದರೆ ಸೋಸುವ ಕೆಲಸವೇ ಇಲ್ಲ. ಸಡಿಲ ಬೀಜ ಕುದಿಸಿದಾಗ ಬರುವುದಕ್ಕಿಂತ ಲೋಳೆ ಸ್ವಲ್ಪ ಕಮ್ಮಿ ಬರುತ್ತೆ. ಬರಲಿ ಬಿಡಿ.

ಅಳತೆ ಇಷ್ಟು: ಕಾಲು ಕಪ್ ಇಡೀ ಅಗಸೆ, ತೂಕದಲ್ಲಿ ಸುಮಾರು 40 ಗ್ರಾಂ, ಅದಕ್ಕೆ 500 ಮಿ.ಲೀ. ನೀರು. ಪುಡಿ ಮಾಡಿದ ಅಗಸೆ ಮಾತ್ರ ಬೇಡವೇ ಬೇಡ, ಅದನ್ನು ಯಾವ ಬಟ್ಟೆಯಲ್ಲೂ ಸೋಸಲಾಗದು. ಹುರಿದದ್ದೂ ಬೇಡ, ಉತ್ತರ ಕರ್ನಾಟಕದ ಮನೆಗಳಲ್ಲಿ ಅಗಸಿ ಚಟ್ನಿಗೆ ಅಂತ ಹುರಿದಿಟ್ಟ ಡಬ್ಬಿಯಿಂದ ತೆಗೆಯಬೇಡಿ. ದೊಡ್ಡ ಸ್ಟೀಲ್ ಪಾತ್ರೆ ಇಡಿ, ಏಕೆಂದರೆ ಇದು ಹಾಲಿನ ಹಾಗೆ ನೊರೆಯೆದ್ದು ಉಕ್ಕುತ್ತೆ, ಒಲೆ ಮೇಲೆ ಒಣಗಿದರೆ ಗೋಂದು. ಬೇಗ ಆಗಲಿ ಅಂತ ಕುಕ್ಕರಿನಲ್ಲಿ ಇಡೋದಂತೂ ಅಪಾಯ. ಲೋಳೆ ನೊರೆ ವೆಯ್ಟಿನ ತೂತಿಗೆ ಹೋಗಿ ಕೂತರೆ ಒತ್ತಡ ಹೊರಹೋಗುವ ಮುಖ್ಯ ದಾರಿಯೇ ಮುಚ್ಚಿಹೋಗುತ್ತೆ.

ಕುದಿ ಬಂದ ಮೇಲೆ ಮಧ್ಯಮ ಉರಿಯಲ್ಲಿ 8ರಿಂದ 10 ನಿಮಿಷ, ಕೈಯಾಡಿಸುತ್ತಲೇ ಇರಬೇಕು. ಗಡಿಯಾರಕ್ಕಿಂತ ಸೌಟನ್ನು ನಂಬಿ. ಎತ್ತಿದ ಸೌಟಿನಿಂದ ಹನಿ ಬೀಳುವ ಬದಲು ಎಳೆ ಇಳಿದರೆ, ಒಂದೆಳೆ ಪಾಕದ ಹದ ಕಂಡರೆ, ಆಗಲೇ ಒಲೆ ಆರಿಸಿ. ಇನ್ನೂ ತೆಳ್ಳಗಿದೆಯಲ್ಲ ಅನ್ನಿಸುತ್ತೆ. ಇರಬೇಕು. ಆರಿದ ಮೇಲೆ ಗಟ್ಟಿಯಾಗುತ್ತೆ. ಇನ್ನೆರಡು ನಿಮಿಷ ಕುದಿಸಿದಿರೋ, ಬಾಟಲಿಯಿಂದ ಒಂದೇ ಮುದ್ದೆಯಾಗಿ ಅಂಗೈಗೆ ಬಿದ್ದು, ಅಲ್ಲಿಂದ ಬಚ್ಚಲಿಗೆ ಜಾರುವ ಜೆಲ್ ಸಿಗುತ್ತೆ. ಅತಿ ಗಟ್ಟಿಯಾದದ್ದಕ್ಕೆ ಸ್ವಲ್ಪ ಬಿಸಿನೀರು ಬೆರೆಸಿ ಕಡೆದರೆ ಸರಿಹೋಗುತ್ತೆ. ಪಾತ್ರೆಗೆ ಕೂಡಲೇ ನೀರು ತುಂಬಿಡಿ, ಒಣಗಿದ ಲೋಳೆ ಉಜ್ಜೋದು ಇನ್ನೊಂದು ಶಿಕ್ಷೆ.

ಇಷ್ಟು ರಗಳೆಗೆ ಬರುವುದು ಸುಮಾರು 300 ಮಿ.ಲೀ. ಕಿರಾಣಿ ಅಂಗಡಿಯಲ್ಲಿ ಅಗಸೆ ಕೆಜಿಗೆ ₹200 ಹಿಡಿದರೂ ಬೀಜದ ಖರ್ಚು ₹8. ಭುಜದ ತನಕದ ಕೂದಲಿಗೆ ಒಂದು ಸಲಕ್ಕೆ 40 ಮಿ.ಲೀ. ಬೇಕು, ಅಂದರೆ ಏಳು ಸ್ನಾನ. ನಾನು ತಲೆಸ್ನಾನ ಮಾಡೋದು ವಾರಕ್ಕೆ ಎರಡೇ ಸಲ. ಅಂಗಡಿಯ ಬಾಟಲಿಗೆ ನೂರಾರು ರೂಪಾಯಿ ಕೊಡೋದು ನನ್ನ ಬಜೆಟ್ಟಿಗೆ ಭಾರ ಅನ್ನಿಸಿದ್ದರಿಂದ ಇದನ್ನು ಹಿಡಿದದ್ದು. ದಿನಾ ತಲೆ ನೆನೆಸುವವರ ಲೆಕ್ಕ ಬೇರೆಯೇ ಆಗುತ್ತೆ.

ಹಚ್ಚುವ ವಿಷಯಕ್ಕೆ ಬಂದರೆ ನನ್ನ ಮುನಿಸು ಇಳಿಯುತ್ತೆ.

ಕೂದಲು ನೆನೆದಾಗ ಅದರೊಳಗಿನ ಹೈಡ್ರೋಜನ್ ಬಂಧಗಳು ಬಿಚ್ಚಿಕೊಳ್ಳುತ್ತವೆ. ಒಣಗುವಾಗ ಕೂದಲು ಯಾವ ಆಕಾರದಲ್ಲಿ ಇದೆಯೋ ಆ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಆ ಹೊತ್ತಲ್ಲಿ ಟವೆಲಿನಿಂದ ಉಜ್ಜಿದರೆ, ಬಾಚಿದರೆ, ಸುಮ್ಮನೆ ಬೆರಳಾಡಿಸಿದರೂ ಸುರುಳಿ ಒಡೆದು ಕೆದರಿದ ಕೂದಲೇ ಕಾಯಂ ಆಗುತ್ತೆ. ಒಣಗುವ ತನಕ ಸುರುಳಿಯನ್ನು ಕದಲದಂತೆ ಹಿಡಿಯುವುದಷ್ಟೇ ಜೆಲ್ಲಿನ ಕೆಲಸ, ಸುರುಳಿ ಹುಟ್ಟಿಸೋದು ಅಲ್ಲ. ನೇರ ಕೂದಲಿಗೆ ಎಷ್ಟು ಅಗಸೆ ಬಳಿದರೂ ಗುಂಗುರಾಗಲ್ಲ.

ಸಿಕ್ಕು ಬಿಡಿಸೋದು ಕಂಡೀಷನರ್ ಹಚ್ಚಿರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಬುಡದ ಕಡೆಗೆ. ಅದನ್ನು ತೊಳೆದ ಮೇಲೆ ಬಾಚಣಿಗೆ ಮುಟ್ಟುವಂತಿಲ್ಲ. ಕೂದಲಿಂದ ನೀರು ತೊಟ್ಟಿಕ್ಕುತ್ತಿರಬೇಕು. ಹಿಂಡಿ ಒರೆಸಿಕೊಂಡು ಬಂದು ಹಚ್ಚಿದರೆ ಜೆಲ್ ಒಂದೇ ಕಡೆ ಕೂರುತ್ತೆ. ಬಗ್ಗಿ, ತಲೆ ಕೆಳಗೆ ಮಾಡಿ, ಕೂದಲನ್ನು ನಾಲ್ಕು ಪಾಲು ಮಾಡಿ. ಒಂದೊಂದು ಪಾಲಿಗೆ ಎರಡು ಟೀ ಚಮಚ. ಕೈಮುಗಿದ ಹಾಗೆ ಎರಡು ಅಂಗೈ ನಡುವೆ ಎಳೆಗಳನ್ನು ಇಟ್ಟು ಬುಡದಿಂದ ತುದಿಗೆ ಸವರಬೇಕು. ನೆತ್ತಿಗೆ ಬೇಡ, ಬುಡದಿಂದ ಎರಡು ಬೆರಳು ಬಿಟ್ಟು. ಆಮೇಲೆ ತುದಿಯನ್ನು ಅಂಗೈಯಲ್ಲಿ ಕೂರಿಸಿ ಮೇಲಕ್ಕೆ ಮುದುರಿ ಹಿಸುಕುವುದು, ಸ್ಕ್ರಂಚ್ ಅನ್ನೋದು ಇದಕ್ಕೇ. ಪಚಕ್ ಪಚಕ್ ಅಂತ ಸದ್ದು ಬರಬೇಕು. ಸದ್ದಿಲ್ಲ ಅಂದರೆ ನೀರು ಸಾಲದು. ಜೆಲ್ ಸುರಿಯಬೇಡಿ, ಕೈ ಒದ್ದೆ ಮಾಡಿಕೊಂಡು ಮತ್ತೆ ಹಿಸುಕಿ. ಹಿಸುಕುತ್ತ ಹಿಸುಕುತ್ತ ಚದುರಿದ ಎಳೆಗಳು ತಾವಾಗಿಯೇ ಜೊತೆ ಸೇರಿ ಬಳ್ಳಿಯ ಕುಡಿಯ ಹಾಗೆ ಸುತ್ತಿಕೊಳ್ಳೋದನ್ನು ನೋಡಬೇಕು. ಈ ಒಂದು ನಿಮಿಷಕ್ಕೆ ಸೋಸಿದ ಕಷ್ಟ ಮರೆಯುತ್ತೆ, ಮುಂದಿನ ಸಲದ ತನಕ.

ನೀರು ಹೀರಿಸೋದಕ್ಕೆ ಟರ್ಕಿ ಟವೆಲ್ ಬೇಡ, ಅದರ ಕುಣಿಕೆಗಳು ಒಂದೊಂದೇ ಎಳೆಯನ್ನು ಎಬ್ಬಿಸುತ್ತವೆ. ಹಳೇ ಟೀ ಶರ್ಟ್, ಇಲ್ಲವೇ ತೊಳೆದು ತೊಳೆದು ಮೆತ್ತಗಾದ ಬೈರಾಸ. ಉಜ್ಜುವಂತಿಲ್ಲ, ಮುದುರಿ ಒತ್ತಿ ಬಿಡಬೇಕು. ಡ್ರೈಯರ್ ಇದ್ದರೆ ಅದರ ಮೂತಿಗೆ ಡಿಫ್ಯೂಸರ್, ಅಂದರೆ ಗಾಳಿ ಚದುರಿಸುವ ತೂತಿನ ಬಟ್ಟಲು, ಸಿಕ್ಕಿಸಿ, ಕಡಿಮೆ ಗಾಳಿ, ಕಡಿಮೆ ಬಿಸಿಯಲ್ಲಿ ಸುರುಳಿಗಳನ್ನು ಬಟ್ಟಲಿನೊಳಗೆ ಕೂರಿಸಿ ಅಲುಗಾಡಿಸದೆ ಹಿಡಿಯಿರಿ. ಡ್ರೈಯರ್ ಇಲ್ಲದೆ ಬೆಂಗಳೂರಿನ ಬೇಸಿಗೆಯಲ್ಲಿ ಎರಡು ಗಂಟೆ, ಮಳೆಗಾಲದಲ್ಲಿ ನಾಲ್ಕು ಗಂಟೆಯೂ ಸಾಲದು.

ಒಣಗಿದ ಮೇಲೆ ತಲೆ ಗಂಜಿ ಹಾಕಿದ ಕಾಟನ್ ಸೀರೆಯ ಹಾಗೆ ಬಿರುಸಾಗಿರುತ್ತೆ. ಹೊಸಬರು ಇಲ್ಲೇ ಹೆದರಿ ತೊಳೆದುಬಿಡೋದು. ಆ ಬಿರುಸೇ ಬೇಕಾದದ್ದು, ಲೋಳೆ ಒಣಗಿ ಪ್ರತಿ ಸುರುಳಿಗೂ ಪೊರೆ ಕಟ್ಟಿದೆ ಅಂತ ಅರ್ಥ. ಪೂರ್ತಿ ಒಣಗಿದೆಯಾ ಅಂತ ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಅಲ್ಲಿ ಕೊನೆಗೆ ಒಣಗೋದು. ಆಮೇಲೆ ಎರಡು ಹನಿ ತೆಂಗಿನೆಣ್ಣೆ ಅಂಗೈಗೆ ಸವರಿಕೊಂಡು ಮತ್ತೆ ಅದೇ ಮುದುರಾಟ. ಗರಗರ ಅಂತ ಪೊರೆ ಒಡೆದು ಮೆತ್ತನೆ ಸುರುಳಿ ಬೀಳುತ್ತೆ. ಅಂಗಡಿಯ ಎಷ್ಟೋ ಜೆಲ್ಲುಗಳಲ್ಲಿ ಪೊರೆ ಒಡೆದ ಮೇಲೂ ಅಂಟು ಉಳಿಯುತ್ತೆ. ಇದರಲ್ಲಿ ಹಾಗಿಲ್ಲ, ಕೂದಲು ಕೂದಲಿನ ಹಾಗೇ ಇರುತ್ತೆ. ಮಲೆನಾಡು ಕರಾವಳಿಯಲ್ಲಿ ದಾಸವಾಳದ ಎಲೆ ಕಿವುಚಿ ಗೊಂಪು ಹಚ್ಚುತ್ತಾರಲ್ಲ, ಗುಣದಲ್ಲಿ ಅದರ ನೆಂಟನೇ ಇದು. ಗೊಂಪನ್ನು ತೊಳೆದುಬಿಡುತ್ತೇವೆ, ಇದನ್ನು ಉಳಿಸಿಕೊಳ್ಳುತ್ತೇವೆ.

ರಾತ್ರಿ ಕೂದಲನ್ನು ನೆತ್ತಿಯ ಮೇಲೆ ಸಡಿಲವಾಗಿ ಜುಟ್ಟು ಕಟ್ಟಿ, ದಿಂಬಿಗೆ ಹಳೇ ರೇಷ್ಮೆ ಸೀರೆಯ ತುಂಡು ಹೊದಿಸಿದರೆ ಎರಡನೇ ದಿನವೂ ಸುರುಳಿ ಸಿಗುತ್ತೆ. ಬೆಳಗ್ಗೆ ಒಂದು ಪಾಲು ಜೆಲ್‌ಗೆ ಮೂರು ಪಾಲು ನೀರು ಬೆರೆಸಿದ ಸ್ಪ್ರೇ ಸಾಕು. ಮೂರನೇ ದಿನ ಕಟ್ಟಿಕೊಂಡು ಹೋಗೋದು ವಾಸಿ.

ಇನ್ನು ದೂರುಗಳು. ಬಿಳಿ ಪುಡಿ ಉದುರುತ್ತೆ ಅಂತ ಬಹಳ ಜನ ಹೊಟ್ಟು ಅಂದುಕೊಂಡು ಗಾಬರಿಯಾಗುತ್ತಾರೆ. ಹೆಚ್ಚಿನ ಸಲ ಅದು ಒಣಗಿದ ಜೆಲ್ಲೇ. ಜೆಲ್‌ಗೆ ಮೊದಲು ಹಚ್ಚಿದ ಲೀವ್-ಇನ್ (ತೊಳೆಯದೆ ಬಿಡುವ) ಕ್ರೀಮಿಗೂ ಇದಕ್ಕೂ ಹೊಂದದಿದ್ದರೆ ಹೀಗಾಗುತ್ತೆ. ಹಚ್ಚುವ ಮೊದಲು ಅಂಗೈಯಲ್ಲಿ ಎರಡನ್ನೂ ಒಂದೊಂದು ಹನಿ ಕಲಸಿ ನೋಡಿ. ನುಣ್ಣಗೆ ಬೆರೆತರೆ ಸರಿ, ಒಡೆದ ಹಾಲಿನ ಹಾಗೆ ಗಂಟಾದರೆ ಆ ಜೋಡಿ ಬೇಡ.

ಜೆಲ್ಲನ್ನು ಬೈಯುವ ಮುನ್ನ ನೀರನ್ನೂ ನೋಡಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರ ತನಕ ಒಪ್ಪಬಹುದು. ಬೋರ್‌ವೆಲ್, ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟುಗಳಲ್ಲಿ ಶಾಂಪೂ ನೊರೆ ಬರದೆ, ಕೂದಲು ತೆಂಗಿನ ನಾರಾಗಿ, ಸುರುಳಿ ಜೋತುಬಿದ್ದರೆ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತಿದೆ ಅಂತ ಲೆಕ್ಕ. ಅದರ ಮೇಲೆ ಯಾವ ಜೆಲ್ ಹಚ್ಚಿದರೂ ದಂಡ. ಮೂರು-ನಾಲ್ಕು ವಾರಕ್ಕೊಮ್ಮೆ ಇಡಿಟಿಎ (ಈ ಖನಿಜಗಳನ್ನು ಹಿಡಿದು ತೆಗೆಯುವ ರಾಸಾಯನಿಕ) ಇರುವ ಶಾಂಪೂ, ಪ್ರತಿ ಸಲ ಕೊನೆಯ ಒಂದು ಚೊಂಬು ಆರ್‌ಒ ಫಿಲ್ಟರ್ ನೀರು, ಇಷ್ಟರಲ್ಲಿ ಬಹಳ ವ್ಯತ್ಯಾಸ ಕಾಣುತ್ತೆ. ನೀರು ಕುದಿಸಿ ಆರಿಸಿದರೆ ಗಡಸಿನ ಒಂದು ಪಾಲು ಮಾತ್ರ ತಳಕ್ಕೆ ಕೂರುತ್ತೆ, ಪೂರ್ತಿ ಹೋಗಲ್ಲ.

ಮಳೆಗಾಲದಲ್ಲಿ ಇದು ಕೈಕೊಡುತ್ತೆ, ಮುಚ್ಚಿಡೋದು ಬೇಡ. ಲೋಳೆಯ ಪೊರೆ ನೀರಲ್ಲಿ ಕರಗುವಂಥದ್ದು. ಗಾಳಿಯ ತೇವಕ್ಕೂ ಮೆತ್ತಗಾಗುತ್ತೆ. ಮಂಗಳೂರು, ಕಾರವಾರದಲ್ಲಿ ಜುಲೈ ತಿಂಗಳು ಬೆಳಗ್ಗೆ ಹಚ್ಚಿದ್ದು ಮಧ್ಯಾಹ್ನಕ್ಕೆ ಮೋಡವಾಗಿರುತ್ತೆ. ಜೆಲ್‌ಗೆ ಒಂದು ಚಮಚ ಗ್ಲಿಸರಿನ್ ಸೇರಿಸಿ ಅನ್ನುವ ಸಲಹೆ ಅಲ್ಲಂತೂ ಉಲ್ಟಾ, ಗ್ಲಿಸರಿನ್ ಗಾಳಿಯ ತೇವವನ್ನು ಇನ್ನಷ್ಟು ಎಳೆದುಕೊಳ್ಳುತ್ತೆ. ಆ ಮೂರು ತಿಂಗಳು ಲೇಬಲ್ಲಿನಲ್ಲಿ ವಿಪಿ/ವಿಎ ಕೋಪಾಲಿಮರ್ (ತೇವಕ್ಕೆ ಅಷ್ಟು ಬೇಗ ಮೆತ್ತಗಾಗದ ಪೊರೆ ಕಟ್ಟುವ ವಸ್ತು) ಇರುವ ಅಂಗಡಿಯ ಜೆಲ್ಲೇ ಮೇಲು. ನಾನೂ ಜೂನಿನಿಂದ ಆಗಸ್ಟ್ ತನಕ ಬಾಟಲಿಗೇ ಶರಣು.

ಕೆಡುವುದರಲ್ಲೂ ಇದು ಸಾಂಬಾರಿನಂತೆಯೇ. ಹೊರಗಿಟ್ಟರೆ ಒಂದೆರಡು ದಿನ, ಫ್ರಿಜ್ಜಿನಲ್ಲಿ 7ರಿಂದ 10 ದಿನ. ಎಳೆ ಹೋಗಿ ನೀರಾದರೆ, ಹುಳಿ ವಾಸನೆ ಬಂದರೆ ಚೆಲ್ಲಿ. ನಿಂಬೆರಸ, ವಿಟಮಿನ್ ಇ ಮಾತ್ರೆ, ಎರಡು ಹನಿ ಲ್ಯಾವೆಂಡರ್ ಎಣ್ಣೆ ಹಾಕಿದರೆ ತಿಂಗಳು ಉಳಿಯುತ್ತೆ ಅನ್ನೋರನ್ನು ನಂಬಬೇಡಿ. ವಿಟಮಿನ್ ಇ ಎಣ್ಣೆ ಕಮಟಾಗದಂತೆ ತಡೆಯುತ್ತೆ ಅಷ್ಟೇ, ನೀರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ, ಬೂಷ್ಟಿಗೆ ಅದರಿಂದ ಏನೂ ಆಗಲ್ಲ. ನಿಜವಾದ ಸಂರಕ್ಷಕ ಬೇಕಿದ್ದರೆ ಫಿನಾಕ್ಸಿಇಥನಾಲ್ ಇರುವಂಥದ್ದು, ಒಟ್ಟು ತೂಕದ 1 ಶೇಕಡಾ ಮೀರದಂತೆ, ತೂಕದ ಯಂತ್ರದಲ್ಲಿ ಅಳೆದು. 300 ಗ್ರಾಂ ಜೆಲ್‌ಗೆ 3 ಗ್ರಾಂ ಅನ್ನೋದನ್ನು ಚಮಚದಲ್ಲಿ ಅಂದಾಜು ಮಾಡೋ ಕೆಲಸ ಅಲ್ಲ.

ಅದಕ್ಕಿಂತ ಫ್ರೀಜರ್ ಸುಲಭ. ಮೂರು ಸ್ನಾನಕ್ಕೆ ಬೇಕಾದ 120 ಮಿ.ಲೀ. ಬಾಟಲಿಗೆ, ಉಳಿದದ್ದು ಐಸ್ ಟ್ರೇಗೆ. 20 ಮಿ.ಲೀ. ಅಚ್ಚಾದರೆ ಒಂಬತ್ತು ತುಂಡು. ತಲೆಸ್ನಾನದ ಹಿಂದಿನ ರಾತ್ರಿ ಎರಡು ತುಂಡು ತೆಗೆದು ಫ್ರಿಜ್ಜಿನ ಕೆಳಗಿನ ತಟ್ಟೆಗೆ. ಕರಗಿದ್ದು ಸ್ವಲ್ಪ ತೆಳ್ಳಗಿರುತ್ತೆ, ಫೋರ್ಕಿನಿಂದ ಕಡೆದರೆ ಆಯಿತು. ಟ್ರೇ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಬೇಸಿಗೆಯಲ್ಲಿ ಮನೆಗೆ ಬಂದ ನೆಂಟರಿಗೆ ಯಾರೋ ಅದನ್ನೇ ಪಾನಕದ ಲೋಟಕ್ಕೆ ಹಾಕಿ ಕೊಟ್ಟರೆ, ಆ ಲೋಟ ಖಾಲಿಯಾಗೋದು ಕಷ್ಟ.