ಮನೆಯಿಂದ ಕೆಲಸ ಮಾಡುವವರಿಗೆ ಆಫೀಸ್ ಫೋನ್: ನನ್ನ ಓಟು ವೈರ್‌ಗಾರ್ಡ್‌ಗೆ

ನಮ್ಮದು ಬೆಂಗಳೂರಿನ ಚಿಕ್ಕ ಆಫೀಸು. ಕರೆ ಜೋಡಿಸುವ ತಂತ್ರಾಂಶ ಆಸ್ಟರಿಸ್ಕ್‌ನ ಸರ್ವರ್ ಇಲ್ಲಿದೆ, ಅರ್ಧ ಜನ ಶಿರಸಿ, ಸಾಗರ, ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಾರೆ. ಲ್ಯಾಪ್‌ಟಾಪ್‌ನ ಸಾಫ್ಟ್‌ಫೋನ್‌ನಲ್ಲಿ (ಫೋನಿನ ಕೆಲಸ ಮಾಡುವ ಆ್ಯಪ್) ಎಕ್ಸ್‌ಟೆನ್ಶನ್‌ನಿಂದ ಎಕ್ಸ್‌ಟೆನ್ಶನ್‌ಗೆ ಮಾತಾಡಿದರೆ ಸಾಕು. ಇದಕ್ಕೆ ಎಲ್ಲಾ ದಾರಿ ನೋಡಿ ಕೊನೆಗೆ ವೈರ್‌ಗಾರ್ಡ್‌ಗೆ ಬಂದು ನಿಂತಿದ್ದೇನೆ. ಮನೆಯಿಂದ ಆಫೀಸಿಗೆ ಗೂಢಲಿಪಿಯ ಸುರಂಗ ಹಾಕುವ ವಿಪಿಎನ್ ಅದು.

ಮೊದಲು ಹಾಕಿದ್ದು ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಬಂದದ್ದನ್ನು ರೌಟರ್ ಸರ್ವರ್‌ಗೆ ದಾಟಿಸುವುದು. ಆಫೀಸ್ ರೌಟರ್‌ನಲ್ಲಿ ಕರೆಗೆ 5060, ಮಾತಿಗೆ 10000ದಿಂದ 20000ದವರೆಗೆ ಯುಡಿಪಿ ಪೋರ್ಟು ತೆರೆದೆ. ಹೊರಗಿನ ಐಪಿ ಯಾವುದು ಅಂತ ಆಸ್ಟರಿಸ್ಕ್‌ಗೂ ತಿಳಿಸಿದೆ. ಎಲ್ಲರಿಗೂ ಕೆಲಸ ಮಾಡಿತು, ಸಾಗರದ ಒಂದು ಮನೆ ಬಿಟ್ಟು. ಅಲ್ಲಿಂದ ಮಾಡಿದ ಕರೆ ಪ್ರತಿ ಸಲವೂ ಸರಿಯಾಗಿ 32 ಸೆಕೆಂಡಿಗೆ ಕಟ್.

ಈ 32 ಸುಮ್ನೆ ಬಂದ ಅಂಕಿ ಅಲ್ಲ. ಕರೆ ಎತ್ತಿದ ಕಡೆಯಿಂದ ‘200 ಓಕೆ’ (ಎತ್ತಿದೆ ಅನ್ನುವ ಸಂದೇಶ) ಹೋಗುತ್ತದೆ, ಅದಕ್ಕೆ ಕರೆ ಮಾಡಿದ ಕಡೆಯಿಂದ ‘ಆಕ್’ (ಸಿಕ್ಕಿತು ಅನ್ನುವ ಉತ್ತರ) ಬರಬೇಕು. ಬರದಿದ್ದರೆ ಅರ್ಧ ಸೆಕೆಂಡಿನ 64 ಪಟ್ಟು ಹೊತ್ತು ಕಾದು ಕರೆ ಮುಗಿಸು ಅನ್ನುತ್ತದೆ ಇಂಟರ್ನೆಟ್ ಕರೆ ಜೋಡಿಸುವ ಸಿಪ್‌ನ ನಿಯಮ. ಲಾಗ್‌ನಲ್ಲೂ ಅದೇ ಕಂಡಿತು: ಒಂದೇ ಓಕೆ ಸಾಲಾಗಿ ಹೋಗುತ್ತಿದೆ, ಆಕ್‌ನ ಸುಳಿವೇ ಇಲ್ಲ. ಮಾತು ಹೋಗುವ ದಾರಿ ಬೇರೆ, ಹಾಗಾಗಿ ಕಟ್ ಆಗುವವರೆಗೂ ದನಿ ಸ್ಪಷ್ಟ!

ಕಾರಣ ಆ ಮನೆಯ ರೌಟರ್‌ನಲ್ಲಿರುವ ಸಿಪ್ ಎಎಲ್‌ಜಿ ಅನ್ನುವ ಸೌಲಭ್ಯ. ಸಹಾಯ ಮಾಡ್ತೀನಿ ಅಂತ ಪ್ಯಾಕೆಟ್ ಬಿಚ್ಚಿ ಒಳಗಿನ ವಿಳಾಸ ತಿದ್ದುತ್ತದೆ, ಅಂಚೆಯವನು ಕವರ್ ಒಡೆದು ಕಾಗದ ತಿದ್ದಿದ ಹಾಗೆ. ರೌಟರ್ ಇಂಟರ್ನೆಟ್ ಕಂಪನಿ ಕೊಟ್ಟಿದ್ದು. ಎಎಲ್‌ಜಿ ಆಫ್ ಮಾಡುವ ಆಯ್ಕೆಯೇ ಇಲ್ಲ. ಕಸ್ಟಮರ್ ಕೇರ್‌ನವರ ಉತ್ತರ ಗೊತ್ತಲ್ವಾ? “ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ.”

ಸ್ಟನ್ ಅನ್ನುವ ಸೇವೆ ಇದಕ್ಕೆ ಮದ್ದಲ್ಲ. ಹೊರಗಿನ ವಿಳಾಸ ಹೇಳುತ್ತದೆ, ಅಷ್ಟೇ. ಮಾತನ್ನು ನಡುವಿನ ಸರ್ವರ್ ಮೂಲಕ ದಾಟಿಸುವ ಟರ್ನ್ ಬ್ರೌಸರ್ ಕರೆಗಳಿಗೆ ಚೆನ್ನ, ನಮಗೆ ಜಾಸ್ತಿಯಾಯಿತು.

5061 ಪೋರ್ಟಿನಲ್ಲಿ ಟಿಎಲ್‌ಎಸ್ (ಸಂದೇಶವನ್ನು ಗೂಢಲಿಪಿಗೆ ತಿರುಗಿಸುವ ವ್ಯವಸ್ಥೆ) ಹಾಕಿದಾಗ ಕಟ್ ಆಗುವುದು ನಿಂತಿತು. ಗೂಢಲಿಪಿಯಲ್ಲಿರುವುದನ್ನು ಎಎಲ್‌ಜಿ ಓದಲಾರದು. ಆದರೆ ಪೋರ್ಟು ಇಡೀ ಜಗತ್ತಿಗೆ ತೆರೆದೇ ಇರುತ್ತದೆ, ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ರಾತ್ರಿಯಿಡೀ ಬಾಗಿಲು ತಟ್ಟುತ್ತವೆ. ಲಾಗ್ ನೋಡಿದರೆ ನಿದ್ದೆ ಬರುವುದಿಲ್ಲ.

ವೈರ್‌ಗಾರ್ಡ್‌ಗೆ ಸಾಕಾಗಿದ್ದು ಒಂದೇ ಯುಡಿಪಿ ಪೋರ್ಟು. ಗುರುತಿಲ್ಲದ ಕೀಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಸುರಂಗ ಮನೆಯ ಕಡೆಯಿಂದ ಶುರುವಾಗುವುದರಿಂದ ಅಲ್ಲಿ ಎಷ್ಟು ಪದರ ನ್ಯಾಟ್ (ಹಲವು ಸಾಧನಗಳು ಒಂದೇ ಹೊರ ಐಪಿ ಹಂಚಿಕೊಳ್ಳುವ ವ್ಯವಸ್ಥೆ) ಇದ್ದರೂ ಚಿಂತೆಯಿಲ್ಲ. ಸುರಂಗದಲ್ಲಿ ಯಾವ ವಿಳಾಸಕ್ಕೆ ಹೋಗಬೇಕು ಅಂತ ಹೇಳುವ ‘ಅಲೋಡ್ ಐಪಿ’ಯಲ್ಲಿ ಸರ್ವರ್ ವಿಳಾಸ ಒಂದನ್ನೇ ಬರೆದಿದ್ದೇನೆ, ಯಾರ ಯೂಟ್ಯೂಬೂ ಆಫೀಸ್ ಲೈನಿಗೆ ಬರಬಾರದು. ಕೀಪ್‌ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಪುಟ್ಟ ಪ್ಯಾಕೆಟ್) 25 ಸೆಕೆಂಡ್ ಇರಲಿ, ಇಲ್ಲದಿದ್ದರೆ ರೌಟರ್ ದಾರಿ ಮರೆಯುತ್ತದೆ, ಒಳಬರುವ ಕರೆ ರಿಂಗೇ ಆಗುವುದಿಲ್ಲ. ಆಸ್ಟರಿಸ್ಕ್‌ನಲ್ಲಿ ಡೈರೆಕ್ಟ್ ಮೀಡಿಯಾ (ಸರ್ವರ್ ಬಿಟ್ಟು ಫೋನುಗಳು ನೇರ ಮಾತು ಕಳಿಸುವುದು) ಮಾತ್ರ ಆಫ್ ಮಾಡಿ, ಸುರಂಗ ಇರುವುದು ಸರ್ವರ್‌ವರೆಗೆ ಮಾತ್ರ.

ಆಫೀಸಿಗೆ ಹೊರಗಿನಿಂದ ನೇರ ತಲುಪಬಹುದಾದ ಪಬ್ಲಿಕ್ ಐಪಿ ಬೇಕು, ನಮಗೆ ಮೊದಲೇ ಇತ್ತು. ಹಾಗಾಗಿ ಹೊಸ ಖರ್ಚಿಲ್ಲ.

ಹುಬ್ಬಳ್ಳಿಯ ಅಕೌಂಟೆಂಟ್ ಒಬ್ಬರಿಗೆ ಮಾತ್ರ ಮೇಜಿನ ಫೋನೇ ಬೇಕಂತೆ. ಅದರಲ್ಲಿ ವೈರ್‌ಗಾರ್ಡ್ ಇಲ್ಲ. ಅವರಿಗಷ್ಟೇ ಟಿಎಲ್‌ಎಸ್ ಉಳಿಸಿದ್ದೇನೆ. ಅವರ ಮನೆಯ ಐಪಿ ಬದಲಾಗುವುದಿಲ್ಲ, ಆ ಐಪಿಗೆ ಮಾತ್ರ ಪೋರ್ಟು ತೆರೆದಿದೆ.